ಹಿಂದಕ್ಕೆ ಬಂದ ಚೀಟಿ

ತಿತಿಮತಿ ಕಡೆಯ ಆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪದ್ಮಯ್ಯನ ಕಣ್ಣು ತಪ್ಪಿಸಿ ಒಂದು ಚೀಟಿಯೂ ಅಲುಗುತ್ತಿರಲಿಲ್ಲ. ಆಳುಗಳು ಆಸ್ಪತ್ರೆಗೆ ಹೋಗಬೇಕಾದರೆ ಅವನೇ ಚೀಟಿ ಬರೆದುಕೊಡಬೇಕು, ಕಾಂಪೌಂಡರ್ ಅದಕ್ಕೆ ಸೀಲು ಒತ್ತಬೇಕು, ಸಂಜೆ ಅದು ತಿರುಗಿ ಅವನ ಕೈಗೇ ಬರಬೇಕು. ಬಾರದಿದ್ದರೆ ಆ ದಿನದ ಹಾಜರಿ ಇಲ್ಲ. ಹತ್ತು ವರ್ಷ ಬೈದು, ಗದರಿಸಿ ಲೈನುಮನೆಗಳ ಸಾಲಿನಲ್ಲಿದ್ದ ಆಳುಗಳಿಗೆಲ್ಲ ಇದನ್ನು ಅರೆದು ಕುಡಿಸಿದ್ದ.

ಐವತ್ತೇಳರ ಚುನಾವಣೆ ಬಂತು. ಕೊಡಗು ಮೈಸೂರಿಗೆ ಸೇರಿ, ಮಡಿಕೇರಿಯಲ್ಲಿದ್ದ ಸರ್ಕಾರ ಬೆಂಗಳೂರಿಗೆ ಹೋಗಿ ಆಗಿನ್ನೂ ನಾಲ್ಕು ತಿಂಗಳು. ನಿಂತವರು ಇಬ್ಬರು, ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ; ಆಗ ಚೀಟಿಗೆ ಗುರುತು ಹಾಕುವುದಿರಲಿಲ್ಲ, ಬೇಕಾದವನ ಪೆಟ್ಟಿಗೆಗೆ ಹಾಕಿದರಾಯಿತು. ಸೈಕಲ್ ಚಿತ್ರದ ಪೆಟ್ಟಿಗೆ ಧಣಿ ಬೆಳ್ಯಪ್ಪನವರ ಭಾವನದು; ಹಿಂದಿನ ಸಲ ಲೈನಿಗೊಂದು ಬಾವಿ ತೋಡಿಸುತ್ತೇನೆಂದು ಹೇಳಿ ಹೋದವನು ಮತ್ತೆ ಮುಖ ತೋರಿಸಿರಲಿಲ್ಲ. ಹುಂಜದ ಪೆಟ್ಟಿಗೆಯವನು ಯಾರೋ ಬಡಪಾಯಿ. ನಡೆದುಕೊಂಡೇ ಬಂದು, ಆನೆ ಇಳಿಯುವ ಹಳ್ಳದಿಂದ ಹೆಂಗಸರು ಹೊತ್ತು ತಂದ ನೀರನ್ನು ಬೇಡಿ ಕುಡಿದು, ಮುಖ ಕಿವುಚಿ, ಏನೂ ಹೇಳದೆ ಹೋದ.

ಎಲ್ಲರಿಗೂ ಸೈಕಲ್ ಎಂದು ಹೇಳಿಬಿಡು ಅಂತ ಬೆಳ್ಯಪ್ಪನವರು ಪದ್ಮಯ್ಯನಿಗೆ ಅಪ್ಪಣೆ ಮಾಡಿದರು. ಅವನು ಹೂಂ ಎಂದು ತಲೆಯಾಡಿಸಿದ. ಆದರೆ ಲೈನಿಗೆ ಹೋಗಿ ಹೇಳಿದ್ದೇ ಬೇರೆ. ಓಟು ನಿಮ್ಮದು, ಯಾರೂ ಕೇಳುವ ಹಾಗಿಲ್ಲ, ನೀವು ಹೇಳುವ ಹಾಗೂ ಇಲ್ಲ, ಯೋಚನೆ ಮಾಡಿ ಹಾಕಿ ಎಂದ. ಎರಡು ಬಿಸ್ಕತ್ತಿನ ಡಬ್ಬ ತಂದಿಟ್ಟು, ಇದ್ದಿಲಲ್ಲಿ ಚಿತ್ರ ಬರೆದು, ಅಭ್ಯಾಸ ಬೇರೆ ಮಾಡಿಸಿದ. ಕತ್ತರಿಸಿದ ಚೀಟಿ ಇದ್ದದ್ದು ಆರೇ. ಹಾಗಾಗಿ ಒಬ್ಬೊಬ್ಬರೂ ಹಾಕಿ, ತೆಗೆದು, ಅವನ ಕೈಗೆ ವಾಪಸು ಕೊಡಬೇಕಿತ್ತು. ಧಣಿಗೆ ಎದುರು ನಿಂತೆ ಎಂಬ ಹೆಮ್ಮೆಯಲ್ಲಿ ಅವನ ಎದೆ ಉಬ್ಬಿತ್ತು.

ಉಳಿದವರು ಅದನ್ನು ಆಟ ಎಂದುಕೊಂಡರು. ಹುಣಸೂರು ಕಡೆಯಿಂದ ಬಂದು ಲೈನಿನಲ್ಲೇ ಮುದುಕಿಯಾಗಿದ್ದ ಗುರುಸಿದ್ದಮ್ಮ ಮಾತ್ರ ಹದಿನೈದು ದಿನ ಅವನ ಬೆನ್ನು ಬಿಡದೆ ಕೇಳಿದಳು. ಹುಂಜದವನು ನೀರು ಕುಡಿದ ಮಾತ್ರಕ್ಕೆ ಬಾವಿ ತೋಡಿಸುತ್ತಾನೆಯೇ? ಗೆದ್ದು ಬೆಂಗಳೂರಿಗೆ ಹೋದರೆ ಅವನನ್ನು ಹಿಡಿಯುವುದೆಲ್ಲಿ? ಮಾತು ಕೊಟ್ಟು ತಪ್ಪಿದವನು ವಾಸಿಯೋ, ಮಾತೇ ಕೊಡದವನು ವಾಸಿಯೋ? ಆ ಹಳ್ಳದ ಬಳಿ ಒಮ್ಮೆ ಆನೆ ಅಟ್ಟಿಸಿಕೊಂಡು ಬಂದು ಅವಳ ಮೊಮ್ಮಗಳು ಕಾಲು ಮುರಿದುಕೊಂಡಿದ್ದಳು. ಬಾವಿ ಅವಳಿಗೆ ಬರೀ ಮಾತಾಗಿರಲಿಲ್ಲ. ಕೊನೆಗೊಂದು ದಿನ, ತೀರ್ಮಾನ ಮಾಡಿದೆ, ಯಾರಿಗೆ ಅಂತ ನಿಮಗೂ ಹೇಳುವುದಿಲ್ಲ ಎಂದು ನಕ್ಕಳು.

ಓಟಿನ ದಿನ ಎಲ್ಲರನ್ನೂ ಲಾರಿಯಲ್ಲಿ ತಿತಿಮತಿ ಶಾಲೆಗೆ ಕರೆದೊಯ್ದರು. ಪದ್ಮಯ್ಯ ಮೊದಲೇ ಹಾಕಿ ಬಂದು ಮಾವಿನ ಮರದಡಿ ನಿಂತ. ಗುರುಸಿದ್ದಮ್ಮ ಹೊರಬಂದವಳೇ ನೇರ ಅವನೆದುರಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಸೀಲು ಬಿದ್ದ ಓಟಿನ ಚೀಟಿಯನ್ನು ಅವನ ಕೈಗಿಟ್ಟಳು.

ಅವನು ಚೀಟಿಯನ್ನು ತಿರುಗಿಸಿ ಸೀಲು ನೋಡಿದ. ಇದನ್ನೇಕೆ ತಂದೆ ಎಂದು ಕೇಳಿದ.

"ಪೆಟ್ಗೆ ಬಾಯ್ಗೆ ಅರ್ಧ ತೂರ್ಸ್ದೆ, ಆಮೇಕೆ ತಕ್ಕಂಡೆ. ನೀವೇ ಅಲ್ವಾ ರೈಟ್ರೇ ಯೋಳಿದ್ದು, ಚೀಟಿ ಬುಟ್ಬುಟ್ಟು ಬಂದ್ರೆ ಹಾಜ್ರಿ ಇಲ್ಲ ಅಂತ?"

ಅವಳ ಕೈ ಹಿಡಿದುಕೊಂಡೇ ಒಳಗೆ ಓಡಿದ. ಮತಗಟ್ಟೆಯ ಅಧಿಕಾರಿಯ ಮುಂದೆ ಗೋಗರೆದ, ಆಮೇಲೆ ಜಗಳವನ್ನೇ ತೆಗೆದ. ಹೊರಗೆ ಹೋದ ಚೀಟಿ ಮತ್ತೆ ಪೆಟ್ಟಿಗೆಗೆ ಬೀಳುವಂತಿಲ್ಲ, ಬೆರಳಿಗೆ ಮಸಿ ಬಿದ್ದಾಗಿದೆ, ಬೇರೆ ಚೀಟಿ ಕೊಡುವಂತಿಲ್ಲ ಎಂದ ಅಧಿಕಾರಿ, ಅದನ್ನು ಕಸಿದುಕೊಂಡು ರದ್ದು ಮಾಡಿಬಿಟ್ಟ. ಪದ್ಮಯ್ಯನಿಗೆ ಮೈಯೆಲ್ಲ ಉರಿಯಿತು. ಆ ಅಧಿಕಾರಿಯ ಮೇಲೆ, ಬಿಸ್ಕತ್ತಿನ ಡಬ್ಬದ ಮೇಲೆ, ಇನ್ನಷ್ಟು ಚೀಟಿ ಕತ್ತರಿಸದ ತನ್ನ ಸೋಮಾರಿತನದ ಮೇಲೆ.

ಲಾರಿಯಲ್ಲಿ ಅವಳು ಅವನ ಪಕ್ಕದಲ್ಲೇ ಕುಳಿತಳು. ಆಮೇಲೆ ಬೇಜಾರಿಲ್ಲದ ದನಿಯಲ್ಲಿ, "ಓಗ್ಲಿ ಬುಡಿ ರೈಟ್ರೇ. ನಿಮ್ದಾದ್ರೂ ಬಿತ್ತಲ್ಲ. ನೀವು ತಿಳ್ದೋರು, ನನ್ಗಿಂತ ಯೋಚ್ನೆ ಮಾಡೇ ಹಾಕಿರ್ತೀರ," ಎಂದಳು.

ಪದ್ಮಯ್ಯ ಹೊರಗಿನ ಕಾಫಿ ಗಿಡಗಳತ್ತ ಮುಖ ತಿರುಗಿಸಿದ. ಬೆಳಿಗ್ಗೆ ಪರದೆಯ ಹಿಂದೆ ಅವನೊಬ್ಬನೇ ಇದ್ದ. ನೋಡುವವರು ಯಾರೂ ಇರಲಿಲ್ಲ. ಆದರೂ ಧಣಿಯ ಮುಖ ಕಣ್ಣೆದುರಿಗೆ ಬಂದು, ಅವನ ಕೈ ತಡವರಿಸದೆ ಸೈಕಲ್ ಪೆಟ್ಟಿಗೆಗೆ ಹೋಗಿತ್ತು.