ಎರಡನೆಯ ಕೋಣೆ

ನಲ್ಲಿ ತಿರುಗಿಸಿದರೆ ಮೊದಲು ಬರೀ ಗಾಳಿ, ಕೆಮ್ಮಿ ಕೆಮ್ಮಿ ಆಮೇಲೆ ಕೆಂಚು ನೀರು, ಆಮೇಲೆ ತಿಳಿ — ಖಾಲಿ ಮನೆಯಲ್ಲಿ ನೀರಿಗೂ ಎಂಥ ದೊಡ್ಡ ಗಂಟಲು, ಶಾಲೆಯ ಬಸ್ಸು ಓಡಿಸಿ ಓಡಿಸಿ ಮಕ್ಕಳ ಗಲಾಟೆಗೇ ಒಗ್ಗಿಹೋದ ಕಿವಿ ಅವಳದು, ಈ ಸದ್ದಿಲ್ಲದಿರುವುದೇ ಬಂದು ಬಡಿಯುತ್ತಿದೆ, ಇನ್ನೇನು ಸರ್ಕಾರದ ಇನ್ಸ್‌ಪೆಕ್ಟರ್ ಬರುತ್ತಾನೆ, ಸೂರು ಸೋರುತ್ತದೆಯೋ ಗೋಡೆ ಬಿರಿದಿದೆಯೋ ನೋಡುತ್ತಾನೆ, ಅವನು ಹೂಂ ಅಂದರೆ ಬ್ಯಾಂಕು ಸಾಲ ಕೊಡುತ್ತದೆ, ಹಳ್ಳಿ ಕಡೆ ಮನೆ ಕೊಳ್ಳುವವರಿಗೆ ಸರ್ಕಾರವೇ ಜಾಮೀನು, ಕೈಯಿಂದ ಮುಂಗಡ ಹಾಕಬೇಕಿಲ್ಲ, ಅರ್ಜಿ ಹಾಕಿದವರು ಅಲ್ಲೇ ಬಾಳಬೇಕು, ಅಷ್ಟೇ. ಅರ್ಜಿ ಹಾಕಿದವರು ಇಬ್ಬರು, ಅವಳು ಮತ್ತು ಹೊಲಿಗೆ ಕೆಲಸದ ಅವಳ ಅಕ್ಕ. ಹುಟ್ಟಿದಾಗಿನಿಂದ ಒಂದೇ ಬಾಡಿಗೆ ಕೋಣೆ, ಒಂದೇ ಮಂಚ, ಒಂದೇ ಕನ್ನಡಿಗೆ ಸರದಿ — ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕಣೇ, ನಿನ್ನ ಗೊರಕೆಯಿಂದ ನಂಗೆ ಬಿಡುಗಡೆ, ಎಂದು ನಕ್ಕವಳು ಅಕ್ಕನೇ, ಕಿಟಕಿಗೆ ಪರದೆಯ ಬಟ್ಟೆ ಅಳೆದವಳೂ ಅಕ್ಕನೇ, ಆಗಲೇ ಬಾಡಿಗೆ ಕೋಣೆಯ ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವನು ದಿನಾ ಅಂಗಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ, ಹೆಂಡತಿ ಸತ್ತ ಮನುಷ್ಯ, ಪಾಪ, ಅಂದುಕೊಂಡಳಲ್ಲ ತಾನು, ಒಬ್ಬ ಗಂಡಸಿನ ಅಂಗಿಯಿಂದ ಅಷ್ಟು ಗುಂಡಿ ಉದುರುತ್ತವೆಯೇ, ಪೆದ್ದಿ, ಮಕ್ಕಳ ಮುಖ ನೋಡಿಯೇ ಯಾರಿಗೆ ವಾಂತಿ ಬರುತ್ತದೆಂದು ಹೇಳಬಲ್ಲವಳಿಗೆ ಅಕ್ಕನ ಮುಖ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಅಕ್ಕ ಹೇಳಿಬಿಟ್ಟಳು. ನಾನು ಬರಲ್ಲ ಕಣೇ, ಅವರ ಮನೆಗೆ ಹೋಗ್ತೀನಿ, ಅರ್ಜಿಯಲ್ಲಿ ನನ್ನ ಸಹಿ ಬೇಕಾದ್ರೆ ಹಾಗೇ ಇರಲಿ, ನಿಂಗೆ ಮನೆ ಆಗಲಿ. ಒಳ್ಳೇದಾಯ್ತು ಬಿಡು, ಅಂದಿದ್ದಳು ಇವಳು, ಅಂದು ಬಸ್ಸಿನ ಬೀಗದಕೈ ಹುಡುಕಿದಳು, ಬೀಗದಕೈ ಕೈಯಲ್ಲೇ ಇತ್ತು. ಬಂದ ಇನ್ಸ್‌ಪೆಕ್ಟರ್, ಶೀತ ಹಿಡಿದ ಮೂಗು, ಒಳ್ಳೆಯವನಂತೆಯೇ ಕಾಣುತ್ತಾನೆ, ಗೋಡೆ ತಟ್ಟಿದ, ಸೂರಿನ ಕಡೆ ಕತ್ತೆತ್ತಿ ಸೀನಿದ, ಮನೆ ಗಟ್ಟಿಮುಟ್ಟಾಗಿದೆ ಅಂದ, ಈ ಕೋಣೆ ನಿಮ್ಮದು, ಆ ಕೋಣೆ ನಿಮ್ಮಕ್ಕಂದು, ಅಲ್ವಾ, ಅಂದ, ಉತ್ತರಕ್ಕೂ ಕಾಯದೆ ಬರೆಯಲು ಹೊರಟೇಬಿಟ್ಟ, ಹೌದು ಎಂದರೆ ಮುಗಿಯಿತು, ಯಾರು ಬಂದು ಮಂಚ ಎಣಿಸುತ್ತಾರೆ, ಬಾಯಿ ತುದಿಗೆ ಬಂದಿತ್ತು — ಆದರೆ ಅಕ್ಕ ಬರುತ್ತಾಳೆ ಅಂತ ಒಮ್ಮೆ ಅಂದುಬಿಟ್ಟರೆ ತಾನು ಕಾಯಲು ಶುರುಮಾಡುತ್ತಾಳೆ, ತನಗೆ ತನ್ನ ಗುಣ ಗೊತ್ತು, ಆ ಕೋಣೆಯ ಹಾಸಿಗೆ ಕೊಡವುತ್ತಾಳೆ, ಸಂಜೆ ಗೇಟು ಕಿರ್ ಅಂದರೆ ಎದ್ದು ನಿಲ್ಲುತ್ತಾಳೆ, ಸಾಯುವ ತನಕ ನಿಲ್ಲುತ್ತಾಳೆ. ಅಕ್ಕ ಬರಲ್ಲ, ನಾನೊಬ್ಳೇ, ಹಾಗೇ ಬರ್ಕೊಳ್ಳಿ. ಅವನು ಬರೆಯುವುದನ್ನು ನಿಲ್ಲಿಸಿದ. ಒಬ್ರ ಸಂಬಳಕ್ಕೆ ಈ ಮನೆ ಬರಲ್ಲ ಅಮ್ಮಾ, ಚಿಕ್ಕದು ನೋಡ್ಬೇಕಾಗುತ್ತೆ, ನೀವು ಹೇಳಿದ್ದು ನಾನು ಕೇಳಿಸ್ಕೊಳ್ಳಲೇ ಇಲ್ಲ ಅಂದ್ಕೊಳ್ಳಲಾ, ಎಂದು ಮೆಲ್ಲಗೆ ಕೇಳಿದ. ಬೇಡ ಅಂದಳು. ಒಂದು ಕೋಣೆಯದು ಇದ್ದರೆ ಹೇಳಿ, ಅಂದಳು. ಹೋದ ಅವನು, ಗೇಟು ಮುಚ್ಚಿತು, ಇವಳು ಎರಡನೆಯ ಕೋಣೆಯ ಹೊಸ್ತಿಲಲ್ಲಿ, ಒಳಗೆ ಹೋಗಲಿಲ್ಲ, ಬಿಸಿಲು ಮಾತ್ರ ನೆಲದಲ್ಲಿ ಉದ್ದಕ್ಕೆ ಮಲಗಿದೆ, ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ, ಕಣ್ಣ ಮುಂದೆ ಬರುವುದು ಬೆಳಗಿನ ಅಕ್ಕ, ಅಷ್ಟು ದೊಡ್ಡ ಮಾತನ್ನು ತಿರುಗಿಯೂ ನೋಡದೆ ಹೇಳಿದವಳು, ಹೊಲಿಗೆಯಂತ್ರಕ್ಕೆ ಬಾಗಿದ ಆ ಬೆನ್ನು, ಬೆನ್ನ ಮೇಲೆ ಅಂಟಿಕೊಂಡ ಒಂದು ಕೆಂಪು ನೂಲು, ದಿನಾ ತಾನೇ ತೆಗೆಯುತ್ತಿದ್ದದ್ದು, ಬೈಯುತ್ತಾ, ಇವತ್ತು ಕೈ ಅಲ್ಲಿಯವರೆಗೂ ಹೋಗಿ ನಿಂತಿತು, ಇಷ್ಟು ಹೊತ್ತಿಗೆ ಅವಳು ಹಾಗೇ ಹೊರಟಿರಬಹುದು, ದಾರಿಯಲ್ಲಿ ಯಾರಾದರೂ ಹೇಳಿದರೋ ಇಲ್ಲವೋ, ಆ ಗಡಿಯಾರದವನಿಗೆ ಕಾಣುತ್ತದೆಯೋ ಇಲ್ಲವೋ, ಕೆಂಪು ನೂಲು, ಅಕ್ಕನ ಬೆನ್ನ ಮೇಲೆ, ಕೆಂಪು ನೂಲು —