ಮಲಗಿಸಿದ ರಾಜ, ನಿಂತ ರಾಣಿ

ನಾನು ಒಂದು ಪಟ್ಟದ ಗೊಂಬೆ. ನಿಜ ಹೇಳಬೇಕೆಂದರೆ ಪಟ್ಟದ ಗೊಂಬೆಗೆ ಒಂದು ಎಂಬ ಲೆಕ್ಕವೇ ಇಲ್ಲ. ರಾಜ, ರಾಣಿ, ಇಬ್ಬರೂ ಸೇರಿದರೇ ನವರಾತ್ರಿಗೆ ಪಟ್ಟ. ಆದರೂ ಒಂದು ಎಂದೇ ಶುರು ಮಾಡಿದ್ದೇನೆ. ಯಾಕೆಂದು ಮುಂದೆ ತಿಳಿಯುತ್ತದೆ.

ಒಂದೇ ಕೆಂಪು ಮರದ ತುಂಡನ್ನು ಸೀಳಿ ನಮ್ಮಿಬ್ಬರನ್ನೂ ಕೆತ್ತಿದರು. ಉಳಿಯ ಪೆಟ್ಟು ಬಿದ್ದಾಗಲೇ ನನಗೆ ಜೀವ ಬಾಯಿಗೆ ಬಂದಿತ್ತು. ಕೆಳಗೆ ಉದುರಿದ ಚಕ್ಕೆಗಳನ್ನು ಗುಡಿಸಿ ನೀರೊಲೆಗೆ ಹಾಕುತ್ತಿದ್ದರು. ಅವೂ ನಮ್ಮ ಮೈಯೇ ತಾನೆ? ಅಂದಿನಿಂದ ಒಲೆಯ ಹೆಸರೆತ್ತಿದರೆ ನನಗೆ ನಡುಕ. ಕೊನೆಗೆ ಕಣ್ಣು ಬರೆದರು, ಅಗಲವಾಗಿ, ಎಂದೂ ಮುಚ್ಚದ ಹಾಗೆ. ಕಣ್ಣು ಮೂಡಿದೊಡನೆ ಕಂಡವನು, ಎದುರಿಗೆ ಬಣ್ಣ ಆರಲೆಂದು ನಿಲ್ಲಿಸಿದ್ದ ನನ್ನ ರಾಜ. ಮೀಸೆ ಜೋರಾಗಿತ್ತು. ಕಣ್ಣಲ್ಲಿ ಮಾತ್ರ ನನ್ನಷ್ಟೇ ಗಾಬರಿ ಇತ್ತು. ಒಬ್ಬಳೇ ಹೆದರಬೇಕಾಗಿಲ್ಲವಲ್ಲ ಎಂದು ಸಮಾಧಾನವಾಯಿತು.

ತ್ರಿಪುರಮ್ಮನ ಮದುವೆಯಲ್ಲಿ ಅವರ ತವರಿನವರು ನಮ್ಮನ್ನು ಜೊತೆಗೆ ಕೊಟ್ಟು ಕಳುಹಿಸಿದರು. ಮೈಸೂರಿನ ಬಾಡಿಗೆ ಮನೆಯಲ್ಲಿ ಪ್ರತಿ ನವರಾತ್ರಿಗೂ ನಾವು ಮೇಲಿನ ಮೆಟ್ಟಿಲಲ್ಲಿ ಅಕ್ಕಪಕ್ಕ ನಿಲ್ಲುತ್ತಿದ್ದೆವು. ಮಕ್ಕಳಿಲ್ಲದ ಮನೆ. ಯಜಮಾನರು ತೀರಿಕೊಂಡ ಮೇಲೂ ಆಕೆ ಗೊಂಬೆ ಕೂರಿಸುವುದನ್ನು ಬಿಡಲಿಲ್ಲ.

ವಿಜಯದಶಮಿಯ ಸಂಜೆ ಆರತಿ ಆದ ಮೇಲೆ ಒಂದು ಗೊಂಬೆಯನ್ನಾದರೂ ಮಲಗಿಸಬೇಕು. ಹಬ್ಬ ಮುಗಿಯಿತು ಎಂಬುದಕ್ಕೆ ಅದೇ ಗುರುತು. ನಮ್ಮ ಮನೆಯಲ್ಲಿ ಮಲಗುವ ಸರದಿ ಯಾವಾಗಲೂ ರಾಜನದು. ಮೆಟ್ಟಿಲ ಮೇಲೆ ಮಲಗಿಸಿದರೆ ಉರುಳಿ ಬೀಳುತ್ತಾನೆ ಎಂದು ತ್ರಿಪುರಮ್ಮ ಹೆದರುತ್ತಿದ್ದರು. ಅದಕ್ಕೇ ಪಕ್ಕದ ಮಂಚದ ಹಾಸಿಗೆಯ ಮೇಲೆ ಒಂದು ಪುಟ್ಟ ಚಾಪೆ ಹಾಸಿ, ಹಳೆಯ ರೇಷ್ಮೆ ಸೀರೆಯ ತುಂಡನ್ನು ಮುಖದವರೆಗೂ ಹೊದಿಸುತ್ತಿದ್ದರು. ಮಾರನೆಯ ಬೆಳಿಗ್ಗೆ, "ಏಳಪ್ಪಾ ಮಹಾರಾಯ, ಸಾಕು ನಿದ್ದೆ," ಎಂದು ಎಬ್ಬಿಸಿ, ಇಬ್ಬರನ್ನೂ ಒಟ್ಟಿಗೆ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಆ ಒಂದು ರಾತ್ರಿ ಕಳೆಯುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಒಂದು ವರ್ಷ ಎಬ್ಬಿಸುವ ಬೆಳಗು ಬರಲೇ ಇಲ್ಲ. ರಾಜನಿಗೆ ಹೊದಿಸಿ ತಿರುಗುವಾಗ ತ್ರಿಪುರಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಕ್ಕಪಕ್ಕದವರು ಆಸ್ಪತ್ರೆಗೆ ಸಾಗಿಸಿದರು. ಅವರ ಅಣ್ಣನ ಮಗಳು ಭಾನು ಓಡಿ ಬಂದಳು. ಅತ್ತೆ ಇನ್ನು ಈ ಮನೆಗೆ ಬರುವಂತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಮನೆ ಖಾಲಿ ಮಾಡಿಕೊಡಬೇಕು, ಅವಳ ಮನೆಯಲ್ಲಿ ಇಷ್ಟು ಸಾಮಾನಿಗೆ ಜಾಗವಿಲ್ಲ. ಹರಾಜು ಮಳಿಗೆಯವರನ್ನು ಕರೆಸಿದಳು.

ಬಂದವರಿಬ್ಬರೂ ಗಟ್ಟಿಗರು. ಮೆಟ್ಟಿಲ ಮೇಲೆ ನಿಂತದ್ದನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿದರು. ಒಬ್ಬ ಮಂಚದ ಹಾಸಿಗೆಯನ್ನು, ಮೇಲಿದ್ದ ಚಾಪೆ, ಬಟ್ಟೆ ಸಮೇತ, ಸುರುಳಿ ಸುತ್ತಿ ಹಗ್ಗ ಬಿಗಿದ. ಒಳಗೆ ನನ್ನ ರಾಜ ಇದ್ದ. ನಾನು ನೋಡುತ್ತಲೇ ಇದ್ದೆ. ಮರದ ಬಾಯಿ, ಏನು ಕೂಗಲಿ?

ಹರಾಜು ಮಳಿಗೆಯಲ್ಲಿ ಯಾರ ಮನೆಯದು ಯಾರದೋ ಜೊತೆಗೆ. ಒಟ್ಟಿಗೆ ಕೂಗಿ ಮಾರಲು ಮಾಡಿದ ಗುಂಪಿಗೆ ಅಲ್ಲಿ ಲಾಟು ಎಂದು ಹೆಸರು. ನನ್ನ ಲಾಟಿನಲ್ಲಿ ನಿಂತುಹೋದ ಗಡಿಯಾರ, ಕಿವಿಯಿಲ್ಲದ ಪಿಂಗಾಣಿ ಬಟ್ಟಲು, ಹಿತ್ತಾಳೆ ತೂಗುದೀಪ. "ದೀಪಕ್ಕೋಸ್ಕರ ತಗೊಂಡರೆ ಆಯ್ತು. ಮಿಕ್ಕಿದ್ದು ಸೌದೆ," ಎಂದ ಒಬ್ಬ, ನನ್ನನ್ನು ಬೆರಳಿನಿಂದ ತಟ್ಟಿ. ಸೌದೆ!

ಮೊದಲು ಹಾಸಿಗೆಗಳ ಲಾಟು ಕೂಗಿದರು. ಗೋಡೆಗೆ ಒರಗಿಸಿದ್ದ ಆ ಸುರುಳಿಯ ತುದಿಯಲ್ಲಿ ಸೀರೆಯ ಹಸಿರು ಅಂಚು ಒಂದಿಷ್ಟು ಹೊರಗೆ ಕಾಣುತ್ತಿತ್ತು. ಯಾರಾದರೂ ಎಳೆದು ನೋಡಬಾರದೇ ಎಂದು ಒದ್ದಾಡಿದೆ. "ಒಂದು ಸಲ... ಎರಡು ಸಲ... ಮೂರು ಸಲ!" ಹಾಸಿಗೆ ರಿಪೇರಿಯವನೊಬ್ಬ ಸುರುಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲು ದಾಟಿದ. ಅಷ್ಟು ಹೆದರಿಕೆ ನನಗೆ ಉಳಿಯ ಕೆಳಗೂ ಆಗಿರಲಿಲ್ಲ.

ನನ್ನ ಲಾಟು ಹಳೆಯ ಸಾಮಾನಿನ ಅಂಗಡಿಯ ಗೌಸ್ ಸಾಹೇಬರಿಗೆ ಹೋಯಿತು. ಅವರು ನನ್ನನ್ನು ಒಲೆಗೆ ಹಾಕಲಿಲ್ಲ. ಎಣ್ಣೆ ಸವರಿ ಗಾಜಿನ ಕಪಾಟಿನಲ್ಲಿಟ್ಟರು. ಆದರೆ ಬಂದವರೆಲ್ಲ "ಒಂಟಿ ರಾಣಿ ಮನೆಗೆ ಒಳ್ಳೇದಲ್ಲ ಸಾಹೇಬ್ರೇ," ಎಂದು ಕೈಬಿಟ್ಟು ಹೋಗುತ್ತಿದ್ದರು. ಬೇಸತ್ತ ಸಾಹೇಬರು ಎಲ್ಲಿಂದಲೋ ಒಬ್ಬ ರಾಜನನ್ನು ತಂದು ನನ್ನ ಪಕ್ಕ ನಿಲ್ಲಿಸಿದರು. ನನ್ನ ಭುಜಕ್ಕೂ ಬಾರದ ಆಳು, ಮೂಗಿನ ಮೇಲೆ ಹೊಸ ಬಣ್ಣ. ಪಾಪ, ಅವನ ರಾಣಿ ಎಲ್ಲಿದ್ದಾಳೋ! ಈಗ ಜೋಡಿಯೆಂದು ಯಾರಾದರೂ ಕೊಂಡುಬಿಟ್ಟರೆ ನನ್ನ ರಾಜನನ್ನು ಹುಡುಕುವವರು ಯಾರು ಎಂದು ಬಾಗಿಲು ಕಿರುಗುಟ್ಟಿದಾಗಲೆಲ್ಲ ಬೆದರುತ್ತಿದ್ದೆ.

ಮುಂದಿನ ನವರಾತ್ರಿ ಹತ್ತಿರ ಬಂದಾಗ ಬಾಗಿಲು ಕಿರುಗುಟ್ಟಿತು. ಊರುಗೋಲು ಹಿಡಿದು ತ್ರಿಪುರಮ್ಮ, ಅವರ ತೋಳು ಹಿಡಿದು ಭಾನು.

"ಅಯ್ಯೋ, ಇವಳು ನನ್ನವಳು ಕಣೆ!" ಎಂದರು ತ್ರಿಪುರಮ್ಮ.

"ಸದ್ಯ! ಇಬ್ಬರೂ ಸಿಕ್ಕಿದ್ರಲ್ಲ ಅತ್ತೆ," ಎಂದಳು ಭಾನು.

"ಇವನು ಯಾರೋ. ನಮ್ಮವನು ಮಲಗಿದ್ದ. ಮಂಚದ ಮೇಲೆ ಮಲಗಿಸಿದ್ದೆ, ಎಬ್ಬಿಸೋಕೆ ಆಗಲೇ ಇಲ್ಲ."

"ಹಾಸಿಗೆ ಬಿಚ್ಚಿ ನೋಡಿ ಅಂತ ನಾನು ಹೇಳಲೇ ಇಲ್ಲ ಅತ್ತೆ."

ಅಂದು ಹರಾಜಿನಲ್ಲಿ ಹಾಸಿಗೆ ಕೊಂಡ ರಿಪೇರಿಯವನು ಗೌಸ್ ಸಾಹೇಬರಿಗೆ ಗೊತ್ತಿದ್ದವನು; ಕೂಡಲೇ ಅವನಿಗೆ ಫೋನ್ ಮಾಡಿದರು. ಕಿವಿಗೊಟ್ಟು ಕೇಳಿ, ಮೆಲ್ಲಗೆ ಹೇಳಿದರು: "ಗೊಂಬೆ ಸಿಕ್ಕಿತ್ತಂತೆ ಅಮ್ಮಾ. ಸುಟ್ಟಿಲ್ಲ, ಬಿಸಾಕಿಲ್ಲ. ಸಂತೆಯಲ್ಲಿ ಯಾರೋ ಕೇಳಿದ್ರಂತೆ, ಕೊಟ್ಟುಬಿಟ್ಟಿದ್ದಾನೆ. ಯಾರು ಅಂತ ಅವನಿಗೂ ನೆನಪಿಲ್ಲ."

ಸುಟ್ಟಿಲ್ಲ. ಆ ಒಂದು ಮಾತನ್ನು ನಾನು ಇಂದಿಗೂ ಬಿಗಿಯಾಗಿ ಹಿಡಿದುಕೊಂಡಿದ್ದೇನೆ.

ತ್ರಿಪುರಮ್ಮ ನನ್ನೊಬ್ಬಳನ್ನೇ ಕೊಂಡರು. ಭಾನುವಿನ ಮನೆಯಲ್ಲಿ ಗೊಂಬೆಗಳ ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಒಬ್ಬನಿಗೆ ಆಗುವಷ್ಟು ಜಾಗ ಬಿಟ್ಟರು. ಬಂದ ಮುತ್ತೈದೆಯರು ಏನೇನೋ ಅಂದುಕೊಂಡರು. ಆಕೆ ಕೇಳಿಸದವರ ಹಾಗೆ ಸುಂಡಲು ಹಂಚಿದರು.

ಈಗ ನನ್ನ ಬಣ್ಣ ಹೋಗಿದೆ, ಪಾದದಲ್ಲಿ ಬಿರುಕು ಬಿಟ್ಟಿದೆ. ತ್ರಿಪುರಮ್ಮನಿಗೂ ಕೈ ನಡುಗುತ್ತದೆ. ಇವತ್ತು ವಿಜಯದಶಮಿ. ಇಷ್ಟು ವರ್ಷ ಬೇರೆ ಯಾವುದೋ ಗೊಂಬೆ ಮಲಗುತ್ತಿತ್ತು; ಈಗ ಆರತಿ ಆದ ಮೇಲೆ ಮೊದಲ ಸಲ ನನ್ನನ್ನೇ ಮಲಗಿಸಿದರು, ನೆಲದ ಮೇಲೆ, ಎಲ್ಲರಿಗೂ ಕಾಣುವ ಕಡೆ. ಬೇರೊಂದು ಸೀರೆಯ ತುಂಡನ್ನು ಎದೆಯವರೆಗಷ್ಟೇ ಹೊದಿಸಿದರು.

"ಭಾನು, ಬೆಳಿಗ್ಗೆ ನಾನು ಏಳಲಿ ಬಿಡಲಿ, ಇವಳನ್ನ ಎಬ್ಬಿಸಬೇಕು."

"ಎಬ್ಬಿಸ್ತೀನಿ ಅತ್ತೆ. ಆಣೆ."

ದೀಪ ಸಣ್ಣಗಾಗುತ್ತಿದೆ. ನನಗೆ ಹೆದರಿಕೆ ಹೋಗಿಲ್ಲ. ಆದರೆ ಅದು ನನ್ನ ಬಗ್ಗೆ ಅಲ್ಲ. ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತಾರೆ. ನಮ್ಮಿಬ್ಬರ ಕಣ್ಣನ್ನೂ ಬರೆದದ್ದು ಒಂದೇ ಕೈ, ಎಂದೂ ಮುಚ್ಚದ ಹಾಗೆ. ಅವನು ಎಲ್ಲಿ ಮಲಗಿದ್ದರೂ ಎಚ್ಚರವಾಗಿಯೇ ಇದ್ದಾನೆ, ಏಳಪ್ಪಾ ಮಹಾರಾಯ ಎನ್ನುವ ಆ ಒಂದು ದನಿಗೆ ಕಾಯುತ್ತ.