ಬೆನಿಡೋರ್ಮ್‌ಗೆ ಒಂದು ರಿಹರ್ಸಲ್

ಹೇಳುವುದಾದರೆ ಬಸ್ಸು ಬರುವುದಕ್ಕೆ ಮೊದಲೇ ಹೇಳಿಬಿಡಬೇಕು. ಬಸ್ಸಿನೊಳಗೆ ಹೇಳಿದರೆ ಸ್ಫೂರ್ತಿ ಅಳುವುದಿಲ್ಲ, ಸುಮ್ಮನಾಗಿಬಿಡುತ್ತಾಳೆ. ಅದು ಅಳುವುದಕ್ಕಿಂತ ಕಷ್ಟ. ಸಂಜೆ ಹೇಳಲೇ? ಇಡೀ ದಿನ ಕುಣಿಯಲು ಬಿಟ್ಟು ಸಂಜೆ ಹೇಳುವುದು ಇನ್ನೂ ಕೆಟ್ಟದ್ದು. ಅಥವಾ ಹೇಳುವಂಥದ್ದು ಏನೂ ಇಲ್ಲವೇನೋ. ಆಫೀಸಿನ ಮೇಲಧಿಕಾರಿ ತಕಿಗುಚಿ ಸಾನ್ ಬರಲೇಬೇಕು ಎಂದಿರಲಿಲ್ಲವಲ್ಲ. 'ಮೂರನೇ ತಾರೀಖು ನೀವು ಇದ್ದರೆ ಎಲ್ಲರಿಗೂ ಧೈರ್ಯ' ಎಂದಷ್ಟೇ ಹೇಳಿ, ಆಮೇಲೆ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಒಂಬತ್ತು ವರ್ಷ ಜಪಾನಿನಲ್ಲಿದ್ದ ಅನಂತನಿಗೆ ಆ ಸುಮ್ಮನಿರುವಿಕೆಯ ತೂಕ ಗೊತ್ತಿತ್ತು.

"ರೀ, ಸೂಟ್‌ಕೇಸ್ ರಸ್ತೆಗೆ ಹೋಗ್ತಿದೆ!" ಹರ್ಷಿಣಿ ಕೂಗಿದಳು.

ಅವನು ಓಡಿಹೋಗಿ ಹಿಡಿದುಕೊಂಡ. ನಿಶಿ ಕಸಾಯಿಯ ಬಸ್‌ಸ್ಟಾಪಿನಲ್ಲಿ, ಏಪ್ರಿಲ್ ತಿಂಗಳ ಭಾನುವಾರ ಬೆಳಿಗ್ಗೆ ಏಳೂವರೆಗೆ, ಮೂರು ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ಅವರು ನಿಂತಿದ್ದರು. ಹೋಗುತ್ತಿದ್ದದ್ದು ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಕಸಾಯಿ ರಿಂಕಾಯಿ ಪಾರ್ಕಿಗೆ. ಅಲ್ಲಿ ಒಂದು ಕಡಲತೀರವಿದೆ. ಮುಂದಿನ ತಿಂಗಳ ಸ್ಪೇನ್ ಪ್ರವಾಸಕ್ಕೆ ಅಲ್ಲಿ ಇವತ್ತು ರಿಹರ್ಸಲ್.

ಇದು ಮಗಳ ಆಜ್ಞೆ. ಸ್ಫೂರ್ತಿ ಇಲ್ಲಿನ ಶಾಲೆಯಲ್ಲಿ ನಾಲ್ಕನೇ ತರಗತಿ. ಅವಳ ಶಾಲೆಯಲ್ಲಿ ಅಭ್ಯಾಸ ಮಾಡದೆ ಏನನ್ನೂ ಮಾಡುವುದಿಲ್ಲ. ಕ್ರೀಡಾದಿನಕ್ಕೆ ಅಭ್ಯಾಸ, ಭೂಕಂಪಕ್ಕೆ ಅಭ್ಯಾಸ, ಹೊಸ ಮಕ್ಕಳನ್ನು ಸ್ವಾಗತಿಸುವಾಗ ತಲೆಬಾಗುವುದಕ್ಕೂ ಅಭ್ಯಾಸ. ಪ್ರವಾಸ ಹೋಗುವ ಮೊದಲು ಮಕ್ಕಳ ಕೈಗೆ ಒಂದು ಪುಟ್ಟ ಪುಸ್ತಕ ಬರುತ್ತದೆ, ಅದಕ್ಕೆ ಶಿಯೋರಿ ಎನ್ನುತ್ತಾರೆ. ಎಷ್ಟು ಗಂಟೆಗೆ ಎಲ್ಲಿ, ಏನು ತರಬೇಕು, ಯಾರಿಗೆ ಯಾವ ಕೆಲಸ, ಎಲ್ಲ ಅದರಲ್ಲಿರುತ್ತದೆ. ಸ್ಪೇನ್ ಟಿಕೆಟ್ ಬುಕ್ ಆದ ದಿನವೇ ಸ್ಫೂರ್ತಿ ಹದಿನಾರು ಪುಟದ ಶಿಯೋರಿ ಶುರುಮಾಡಿದ್ದಳು. ಮುಖಪುಟದಲ್ಲಿ ಎರಡು ಕಡಲತೀರ, ನಡುವೆ ಬಂಡೆ, ಹಿಂದೆ ಎತ್ತರದ ಕಟ್ಟಡಗಳು. ಮೇಲೆ ಬಣ್ಣಬಣ್ಣದ ಕನ್ನಡ ಅಕ್ಷರದಲ್ಲಿ ಅವರು ಹೋಗಲಿದ್ದ ಕಡಲೂರಿನ ಹೆಸರು: ಬೆನಿಡೋರ್ಮ್.

"ಇಷ್ಟೊಂದು ಬಿಲ್ಡಿಂಗಾ? ನಿಮ್ಮಪ್ಪನ ಆಫೀಸಿನ ತೊಯೊಸು ಥರಾನೇ ಇದೆಯಲ್ಲೇ. ತೊಯೊಸು ಬಿಟ್ಟು ಇನ್ನೊಂದು ತೊಯೊಸು ನೋಡಕ್ಕೆ ಹದಿನಾಲ್ಕು ಗಂಟೆ ಫ್ಲೈಟಾ?" ಎಂದು ಹರ್ಷಿಣಿ ರೇಗಿಸಿದ್ದಳು.

"ಅಮ್ಮಾ, ಇದು ಬೀಚ್ ಇರೋ ತೊಯೊಸು. ಡಿಫರೆಂಟ್!"

ಹಾಗೆ ರೇಗಿಸಿದರೂ ಹರ್ಷಿಣಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮದುವೆಯಾದ ಮೇಲೆ ಅವರ ರಜೆಗಳೆಲ್ಲ ಮೈಸೂರಿನ ಪಾಲು. ಒಂದು ವರ್ಷ ನಾದಿನಿಯ ಮದುವೆ, ಒಂದು ವರ್ಷ ಯಾರದೋ ನಾಮಕರಣ, ಮತ್ತೊಂದು ವರ್ಷ ಗೃಹಪ್ರವೇಶ. ರೇಷ್ಮೆ ಸೀರೆ ಇಡದೆ ಅವಳು ಸೂಟ್‌ಕೇಸ್ ಮುಚ್ಚಿದ್ದೇ ಇಲ್ಲ. ಯಾರ ಮನೆಗೂ ಹೋಗಿ ಕಾಫಿ ಕುಡಿಯಬೇಕಿಲ್ಲದ ಮೊದಲ ದೊಡ್ಡ ರಜೆ ಇದು.

ನಡುವೆ ಜಪಾನಿನೊಳಗೇ ಎರಡು ಸಣ್ಣ ಪ್ರವಾಸ ಆಗಿದ್ದವು, ಆದರೆ ಅವನ್ನು ಅನಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಓಕಿನಾವಾಕ್ಕೆ ತಾಯಿ ಮಗಳು ಇಬ್ಬರೇ ಹೋದರು. ಹೊಕ್ಕೈದೋಗೆ ಹೊರಟಾಗ ಹನೇದಾ ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಿದ್ದವನಿಗೆ ಫೋನ್ ಬಂತು. ಅವನು ಅಲ್ಲಿಂದಲೇ ವಾಪಸಾದ. ಎರಡು ಸಲವೂ ಆಫೀಸಿನ ಕೆಲಸ. ಬ್ಯಾಂಕುಗಳು ಹಳೆಯ ಕಂಪ್ಯೂಟರ್ ಸಿಸ್ಟಮ್ ಇಳಿಸಿ ಹೊಸದನ್ನು ಏರಿಸುವುದು ಸಾಲುರಜೆಗಳಲ್ಲಿ, ಊರೆಲ್ಲ ಆಟವಾಡಲು ಹೊರಟಾಗ. ಈ ಸಲ ಅವನು ಜನವರಿಯಲ್ಲೇ ರಜೆ ಕೇಳಿ ಪಡೆದಿದ್ದ. ವೀಸಾ ಅಂಟಿಸಿದ ಪಾಸ್‌ಪೋರ್ಟುಗಳೂ ಬಂದಿದ್ದವು. ಮೊನ್ನೆ ಶುಕ್ರವಾರ ಸಂಜೆ ತಕಿಗುಚಿ ಸಾನ್ ಮೀಟಿಂಗ್ ರೂಮಿಗೆ ಕರೆದು, ಮೇ ಮೂರರ ಅಂಥದ್ದೇ ಕೆಲಸ ನಡೆಸಲು ನಿಮ್ಮ ಹೆಸರನ್ನು ಬ್ಯಾಂಕಿನವರು ಹೇಳಿದ್ದಾರೆ, ಅದನ್ನು ನಡೆಸಿದವರೇ ಜೂನ್‌ನಿಂದ ಇಡೀ ತಂಡದ ಲೀಡರ್ ಎಂದಿದ್ದರು. ಮೇ ಮೂರಕ್ಕೆ ಅವನು ಸ್ಪೇನಿನಲ್ಲಿರಬೇಕಿತ್ತು, ಸೋಮವಾರ ಉತ್ತರ ಹೇಳಬೇಕಿತ್ತು.

ಬಸ್ಸು ಬಂತು. ಅವನು ಹೇಳಲಿಲ್ಲ.

ಪಾರ್ಕಿನ ಬಾಗಿಲಲ್ಲಿ ಇಳಿದು, ಸೂಟ್‌ಕೇಸುಗಳನ್ನು ಗಡಗಡ ಎಳೆಯುತ್ತ ಮೂವರೂ ಹೊರಟರು. ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಒಬ್ಬ ವಯಸ್ಸಾದ ಕಾವಲುಗಾರ ಓಡುತ್ತ ಬಂದ. "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಎರಡೂ ಕೈ ಚಾಚಿ, ವಿಮಾನ ನಿಲ್ದಾಣಕ್ಕೆ ಹೋಗುವುದಿದ್ದರೆ ದಾರಿ ಇದಲ್ಲ ಎಂದು ಬಿಡಿಬಿಡಿ ಇಂಗ್ಲಿಷಿನಲ್ಲಿ ತಿಳಿಸಿದ. ಪಾಪ, ದಾರಿ ತಪ್ಪಿದವರು ಅಂದುಕೊಂಡಿದ್ದ.

ಸ್ಫೂರ್ತಿ ಮುಂದೆ ಬಂದು, ತಲೆಬಾಗಿಸಿ, ಜಪಾನಿ ಭಾಷೆಯಲ್ಲಿ ವಿವರಿಸಿದಳು. ನಾವು ಮೇ ತಿಂಗಳಲ್ಲಿ ಸ್ಪೇನಿಗೆ ಹೋಗುತ್ತೇವೆ, ಇವತ್ತು ಅಭ್ಯಾಸ, ಇವರು ನನ್ನ ತಂಡ. ಶಿಯೋರಿಯನ್ನೂ ತೋರಿಸಿದಳು.

ಮುದುಕ ನಗಲಿಲ್ಲ. ಪುಟ ತಿರುವಿ ನೋಡಿದ, ಗಂಭೀರವಾಗಿ ತಲೆಯಾಡಿಸಿದ, ಟೋಪಿ ತೆಗೆದು ಮೂವರಿಗೂ ನಮಸ್ಕರಿಸಿ "ಗನ್‌ಬತ್ತೆ" ಎಂದು ಹುರಿದುಂಬಿಸಿದ. ಕಡಲತೀರದಲ್ಲಿ ಗಾಳಿ ಜೋರಿದೆ, ಟೋಪಿ ಹಿಡಿದುಕೊಳ್ಳಿ ಎಂದೂ ಹೇಳಿ ಹೋದ.

"ನಮ್ಮೂರಲ್ಲಾಗಿದ್ರೆ ತಲೆ ಕೆಟ್ಟಿದೆಯಾ ಅಂತ ಕೇಳೋರು" ಎಂದು ಹರ್ಷಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅನಂತನೂ ನಕ್ಕ. ನಗುವಾಗ ಅವನಿಗೆ ನಿಜವಾಗಿಯೂ ಸಂತೋಷವಾಗುತ್ತಿತ್ತು. ಅದೇ ಅವನನ್ನು ಇನ್ನಷ್ಟು ಹೆದರಿಸಿತು.

"ಮೊದಲನೇದು! ಲೆವಾಂತೆ ಬೀಚ್‌ನಲ್ಲಿ ಬರಿಗಾಲಲ್ಲಿ ವಾಕಿಂಗ್!" ಸ್ಫೂರ್ತಿ ಕೂಗಿದಳು. "ಅಪ್ಪಾ, ಹಯಾಕು! ಬೇಗ ಬೇಗ!"

ಸೇತುವೆ ದಾಟಿ ಮರಳಿಗೆ ಇಳಿದರು. ಮರಳಿನಲ್ಲಿ ಸೂಟ್‌ಕೇಸಿನ ಚಕ್ರ ಹೂತುಕೊಂಡಿತು. ಇದನ್ನು ಯಾರೂ ಯೋಚಿಸಿರಲಿಲ್ಲ. ಸ್ಫೂರ್ತಿ ತಕ್ಷಣ ಶಿಯೋರಿ ತೆಗೆದು 'ಸೂಟ್‌ಕೇಸ್ ಹೋಟೆಲ್‌ನಲ್ಲಿ ಬಿಡಬೇಕು' ಎಂದು ಬರೆದುಕೊಂಡಳು. "ನೋಡಿದ್ರಾ? ಅದಕ್ಕೇ ಪ್ರಾಕ್ಟೀಸ್ ಬೇಕು ಅಂದಿದ್ದು."

ನೀರು ತಣ್ಣಗಿತ್ತು. ಮೂವರೂ ಕೈಹಿಡಿದು ಪಾದ ಮುಳುಗುವಷ್ಟು ಒಳಗೆ ಹೋಗಿ, ಕಿರುಚಿ, ಹೊರಗೆ ಓಡಿಬಂದರು. ಹರ್ಷಿಣಿ ಚೂಡಿದಾರವನ್ನು ಮಂಡಿಯವರೆಗೆ ಮಡಿಸಿಕೊಂಡು ಮತ್ತೆ ಹೋದಳು. "ಮೇನಲ್ಲಿ ಅಲ್ಲೂ ನೀರು ತಣ್ಣಗೇ ಇರತ್ತಂತೆ. ನಾನಂತೂ ಪೂರ್ತಿ ಮುಳುಗೋಳೇ. ನೀವು ದಡದಲ್ಲಿ ಚಪ್ಪಲಿ ಕಾಯ್ಕೊಂಡು ಕೂತ್ಕೊಳಿ."

"ಯಾಕೆ, ನಾನೂ ಮುಳುಗ್ತೀನಿ."

"ಮೊದ್ಲು ಬನ್ನಿ ಸ್ವಾಮಿ, ಆಮೇಲೆ ಮುಳುಗೋರಂತೆ."

ತಮಾಷೆಗೇ ಅಂದದ್ದು. ಅನಂತ ಬಗ್ಗಿ ಪ್ಯಾಂಟಿನ ಮರಳು ಕೊಡವಿದ.

ಎರಡನೆಯದು ದ್ವೀಪಕ್ಕೆ ದೋಣಿ. ಬೆನಿಡೋರ್ಮ್ ಎದುರಿನ ಸಮುದ್ರದಲ್ಲಿ ಒಂದು ಸಣ್ಣ ದ್ವೀಪವಿದೆಯಂತೆ. ಅಲ್ಲಿಗೆ ದೋಣಿಯಲ್ಲಿ ಹೋಗಿ ಮೀನು ನೋಡಬೇಕು. ಇಲ್ಲಿ ಅದರ ಬದಲು ಅಕ್ವೇರಿಯಮ್ಮಿನಲ್ಲಿ ಮೀನು ನೋಡಿದರು. ಮೂರನೆಯದು ಟ್ರಾಮ್ ಹತ್ತಿ ಪಕ್ಕದ ಊರಿಗೆ ಹೋಗಿ, ದಡದ ಬಣ್ಣದ ಮನೆಗಳನ್ನು ನೋಡಿ, ಚಾಕೊಲೇಟ್ ತಿನ್ನುವುದು. ಬೆಸ್ತರು ಸಮುದ್ರದಿಂದಲೇ ತಮ್ಮ ತಮ್ಮ ಮನೆ ಗುರುತಿಸಲಿ ಅಂತ ಬಣ್ಣ ಬಳಿಯುತ್ತಿದ್ದರಂತೆ ಎಂದು ಸ್ಫೂರ್ತಿ ಶಿಯೋರಿಯಿಂದ ಓದಿ ಹೇಳಿದಳು. ಕೊಂಬಿನಿ ಅಂಗಡಿಯಲ್ಲಿ ಚಾಕೊಲೇಟ್ ಕೊಂಡು, ಬೆಂಚಿನ ಮೇಲೆ ಸಾಲಾಗಿ ಕೂತು, ಟ್ರಾಮಿನಲ್ಲಿ ಕೂತವರಂತೆ ಒಟ್ಟಿಗೆ ಎಡಕ್ಕೆ ಬಲಕ್ಕೆ ವಾಲುತ್ತ ತಿಂದರು. ಎದುರಿಗೆ ಹೋಗುತ್ತಿದ್ದ ಮಗುವೊಂದು ನಿಂತು ನೋಡಿ ತಾನೂ ವಾಲಿತು.

ನಾಲ್ಕನೆಯದು, ಎರಡು ಬೀಚುಗಳ ನಡುವಿನ ಬಂಡೆಯ ಮೇಲಿರುವ ಬಿಳಿ ಕಟಾಂಜನದ ಬಾಲ್ಕನಿ. ಅದಕ್ಕೆ ಸ್ಫೂರ್ತಿ ಆರಿಸಿದ್ದು ಪಾರ್ಕಿನ ಗಾಜಿನ ಕಟ್ಟಡ. ಅಲ್ಲಿಂದ ಟೋಕಿಯೋ ಕೊಲ್ಲಿ ಪೂರ್ತಿ ಕಾಣುತ್ತದೆ. ಮಗಳು ಫೋಟೋಗೆ ಜಾಗ ಹುಡುಕುತ್ತಿದ್ದಾಗ ಅನಂತ ಅವಳ ಶಿಯೋರಿ ಹಿಡಿದುಕೊಂಡು ಪುಟ ತಿರುವಿದ. ಏಳನೇ ಪುಟ: ಯಾರಿಗೆ ಯಾವ ಕೆಲಸ. ಲೀಡರ್ ಮತ್ತು ಫೋಟೋ, ಸ್ಫೂರ್ತಿ. ಊಟ, ಔಷಧಿ, ಚಟ್ನಿಪುಡಿ, ಅಮ್ಮ. ಗಡಿಯಾರ, ನಕ್ಷೆ, ಪಾಸ್‌ಪೋರ್ಟ್, ಅಪ್ಪ.

ಎಲ್ಲ ನೀಲಿ ಪೆನ್ನಿನಲ್ಲಿತ್ತು. 'ಅಪ್ಪ' ಎಂಬುದು ಮಾತ್ರ ಪೆನ್ಸಿಲ್‌ನಲ್ಲಿ.

"ಇದ್ಯಾಕೆ ಪುಟ್ಟಿ, ನನ್ನ ಹೆಸರು ಪೆನ್ಸಿಲ್‌ನಲ್ಲಿದೆ?"

ಸ್ಫೂರ್ತಿ ತಿರುಗಿ ನೋಡಿದಳು. ಅವಳ ಮುಖದಲ್ಲಿ ಯಾವ ದೂರೂ ಇರಲಿಲ್ಲ. "ಇನ್ನೂ ಡಿಸೈಡ್ ಆಗಿಲ್ದೇ ಇರೋದನ್ನ ಪೆನ್ಸಿಲ್‌ನಲ್ಲಿ ಬರೀರಿ ಅಂತ ಕ್ಲಾಸಲ್ಲಿ ಸೆನ್ಸೇ ಹೇಳಿದಾರೆ. ಆಮೇಲೆ ಚೇಂಜ್ ಆದ್ರೆ ಇರೇಸ್ ಮಾಡ್ಬೋದು. ಪೇಜ್ ವೇಸ್ಟ್ ಆಗಲ್ಲ."

"ಟಿಕೆಟ್ ಆಗಿದೆಯಲ್ಲ."

"ಹೊಕ್ಕೈದೋಗೂ ಆಗಿತ್ತು ಅಲ್ವಾ?" ಅವಳು ಪುಟದ ಕೆಳಗೆ ಬೆರಳಿಟ್ಟಳು. "ಇಟ್ಸ್ ಓಕೆ ಅಪ್ಪಾ, ನೋಡು. ನೀನು ಬರ್ದೇ ಇದ್ರೆ ಗಡಿಯಾರ ನಂದು, ಪಾಸ್‌ಪೋರ್ಟ್ ಅಮ್ಮಂದು. ಪ್ಲಾನ್ ಬಿ ಇದೆ."

ಯಾವಾಗಲೂ ಒಂದಕ್ಕೆ ನಾಲ್ಕು ಮಾತಾಡುವ ಹರ್ಷಿಣಿ ಆಗ ಏನೂ ಹೇಳಲಿಲ್ಲ. ಗಾಜಿನಾಚೆಯ ಸಮುದ್ರ ನೋಡುತ್ತ ನಿಂತಿದ್ದಳು. ಅವನು ಎಷ್ಟೋ ಮೌನಗಳನ್ನು ಓದಲು ಕಲಿತಿದ್ದ, ತಕಿಗುಚಿ ಸಾನ್ ಅವರದ್ದು, ಬ್ಯಾಂಕಿನವರದ್ದು. ಈ ಒಂದನ್ನು ಓದಲು ಇಷ್ಟು ವರ್ಷ ಪುರುಸೊತ್ತು ಮಾಡಿಕೊಂಡಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

"ಫೋಟೋ! ಸ್ಮೈಲ್!" ಸ್ಫೂರ್ತಿ ಕೂಗಿದಳು.

ಮಧ್ಯಾಹ್ನ ಹುಲ್ಲಿನ ಮೇಲೆ ಚಾಪೆ ಹಾಸಿ ಪುಳಿಯೋಗರೆ ತಿಂದರು. ಸ್ಪೇನಿನಲ್ಲಿ ತರಕಾರಿ ಪಾಯೆಯಾ ಸಿಗುತ್ತದಂತೆ, ನಮ್ಮ ವಾಂಗೀಭಾತಿನ ದೂರದ ನೆಂಟ ಇರಬೇಕು ಎಂದಳು ಹರ್ಷಿಣಿ. ಅವಳ ದನಿ ಮತ್ತೆ ಎಂದಿನಂತಾಗಿತ್ತು. ಊಟವಾದ ಮೇಲೆ ಲೀಡರ್ ಗಡಿಯಾರ ನೋಡಿ ಘೋಷಿಸಿದಳು: ಈಗ ಸಿಯೆಸ್ತಾ. ಅಲ್ಲಿ ಮಧ್ಯಾಹ್ನ ಅಂಗಡಿಗಳನ್ನು ಮುಚ್ಚಿ ಮಲಗುತ್ತಾರಂತೆ, ರಾತ್ರಿ ಊಟ ಒಂಬತ್ತಕ್ಕಂತೆ.

"ಇದಕ್ಕೆ ಸ್ಪೇನಿಗೆ ಯಾಕೆ ಹೋಗ್ಬೇಕು? ನಮ್ಮ ಮೈಸೂರಿನ ಮನೇಲಿ ದಿನಾ ಇದೇ ಟೈಮ್‌ಟೇಬಲ್ಲು" ಎಂದು ಹರ್ಷಿಣಿ ದುಪಟ್ಟಾ ಮುಖಕ್ಕೆ ಎಳೆದುಕೊಂಡಳು. ಐದೇ ನಿಮಿಷದಲ್ಲಿ ಇಬ್ಬರೂ ನಿಜವಾಗಿ ನಿದ್ದೆಹೋದರು.

ಅನಂತ ಎದ್ದು ನೀರಿನ ಅಂಚಿನವರೆಗೆ ನಡೆದ. ಭಾನುವಾರ ಮೇಲಧಿಕಾರಿಗೆ ಫೋನ್ ಮಾಡುವುದು ಅವನ ಆಫೀಸಿನಲ್ಲಿ ಯಾರೂ ಮಾಡದ ಕೆಲಸ. ಮೂರು ಸಲ ನಂಬರು ಒತ್ತಿ ಅಳಿಸಿದ. ನಾಲ್ಕನೇ ಸಲ ಆ ಕಡೆ ರಿಂಗಾಯಿತು.

"ತಕಿಗುಚಿ ಸಾನ್, ಕ್ಷಮಿಸಿ. ಮೇ ಮೂರರಂದು ನಾನು ಇರುವುದಿಲ್ಲ."

ಆ ಕಡೆ ಮಾತಿಲ್ಲ. ಎಲ್ಲಿಯೋ ಟಿವಿ ಓಡುತ್ತಿತ್ತು, ಆಮೇಲೆ ಅದೂ ನಿಂತಿತು. ಬೇರೆ ಯಾವ ದಿನವಾದರೂ ಅನಂತ ಇಂಥ ಹೊತ್ತಿನಲ್ಲಿ ಸೋತು, ನೋಡುತ್ತೇನೆ, ಏನಾದರೂ ಮಾಡುತ್ತೇನೆ ಎಂದು ಆ ಮೌನವನ್ನು ತಾನೇ ತುಂಬಿಬಿಡುತ್ತಿದ್ದ. ಇವತ್ತು ಅವನೂ ಸುಮ್ಮನಿದ್ದ. ಅಲೆಯೊಂದು ಬಂದು ಶೂ ಒದ್ದೆ ಮಾಡಿತು, ಕಾಲು ತೆಗೆಯಲಿಲ್ಲ.

"ಸ್ಪೇನಿನಲ್ಲಿ ಎಲ್ಲಿ?" ಕೊನೆಗೆ ತಕಿಗುಚಿ ಸಾನ್ ಕೇಳಿದರು.

"ಬೆನಿಡೋರ್ಮ್."

"ಸಮುದ್ರ ಇದೆಯೇ?"

"ಇದೆ."

"ಹಾಗೋ. ಹಾಗಾದರೆ ನಿಮ್ಮ ತಂಡದ ಧೀರಜ್ ಸಾನ್ ಅವರಿಗೆ ಹೇಳುತ್ತೇನೆ. ಜೂನ್‌ನದ್ದೂ ಅವರಿಗೇ ಹೋಗುತ್ತದೆ. ಅರ್ಥವಾಯಿತಲ್ಲವೇ?"

"ಅರ್ಥವಾಯಿತು. ಅರಿಗಾತೋ ಗೊಜೈಮಾಸ್, ತುಂಬಾ ಧನ್ಯವಾದ."

ಫೋನ್ ಕಿವಿಗೆ ಹಿಡಿದೇ, ಒಂಬತ್ತು ವರ್ಷದ ಅಭ್ಯಾಸದಂತೆ, ಅನಂತ ಸೊಂಟ ಬಗ್ಗಿಸಿ ನಮಸ್ಕರಿಸಿದ. ತಲೆ ಎತ್ತಿದಾಗ ಎದೆ ಹಗುರವಾಗಿತ್ತು. ಆ ಒದ್ದೆ ಶೂಗಳಲ್ಲಿ ಅವನಿಗೆ ಓಡಬೇಕೆನ್ನಿಸಿತು. ನಲವತ್ತರ ಗಂಡಸು ಓಡಿಯೇಬಿಟ್ಟ.

ಚಾಪೆಯ ಮೇಲೆ ಸ್ಫೂರ್ತಿ ಎದ್ದು ಕೂತಿದ್ದಳು. "ಅಪ್ಪಾ, ಯಾರಿಗೆ ಬಗ್ಗಿ ನಮಸ್ಕಾರ ಮಾಡಿದೆ?"

"ಸಮುದ್ರಕ್ಕೆ."

"ಹೆನ್ನಾ ಅಪ್ಪ. ವಿಚಿತ್ರ ಅಪ್ಪ." ಅವಳು ನಗುತ್ತ ಅಮ್ಮನನ್ನು ಅಲುಗಾಡಿಸಿದಳು. "ಅಮ್ಮಾ ಏಳು! ಲಾಸ್ಟ್ ಐಟಮ್!"

ಕೊನೆಯದು ಜೈಂಟ್ ವೀಲ್. ಶಿಯೋರಿಯಲ್ಲಿ ಅದು ವಿಮಾನ. ಪೆಟ್ಟಿಗೆಯಂಥ ಗಾಜಿನ ಕೋಣೆಯಲ್ಲಿ ಮೂವರೂ, ಕಾಲ ಬಳಿ ಸೂಟ್‌ಕೇಸುಗಳು. ನೆಲ ಕೆಳಗಿಳಿಯುತ್ತ ಹೋಯಿತು. ಒಂದು ಕಡೆ ಕೊಲ್ಲಿ, ಇನ್ನೊಂದು ಕಡೆ ನಿಶಿ ಕಸಾಯಿಯ ಮನೆಗಳು. ಸ್ಫೂರ್ತಿ ಗಾಜಿಗೆ ಮೂಗು ಒತ್ತಿ, ಸ್ಪೇನ್ ಯಾವ ಕಡೆ, ಸ್ಪೇನ್ ಯಾವ ಕಡೆ ಎಂದು ಕೇಳುತ್ತಿದ್ದಳು.

"ಸೂರ್ಯ ಇಳೀತಿದಾನಲ್ಲ, ಆ ಕಡೆ. ಪುಟ್ಟಿ, ನಿನ್ನ ಪೆನ್ನು ಕೊಡು."

"ಯಾಕೆ?"

"ಏಳನೇ ಪೇಜಿಗೆ."

ಸ್ಫೂರ್ತಿ ಅವನ ಮುಖವನ್ನೇ ನೋಡಿದಳು. "ಹೊಂತೋ? ನಿಜವಾಗ್ಲೂ?"

"ಹೊಂತೋ."

"ನೀನು ಬರಿಯೋ ಹಾಗಿಲ್ಲ. ಲೀಡರ್ ಬರೀಬೇಕು." ಅವಳು ಮಂಡಿಯ ಮೇಲೆ ಪುಸ್ತಕವಿಟ್ಟು, ನಾಲಿಗೆ ಕಚ್ಚಿಕೊಂಡು, ಪೆನ್ಸಿಲ್ ಗುರುತಿನ ಮೇಲೆ ನೀಲಿ ಪೆನ್ನು ಆಡಿಸಿದಳು. ಕೋಣೆ ಗಾಳಿಗೆ ತೂಗಿತು, ಒತ್ತಕ್ಷರ ಸೊಟ್ಟಗಾಯಿತು. "ಸುಗೋಯಿ! ಸೂಪರ್!" ಎಂದು ಕುಣಿದಳು, ಕೋಣೆ ಮತ್ತಷ್ಟು ತೂಗಿತು.

"ಕೂತ್ಕೊಳೇ, ವಿಮಾನ ಬೀಳ್ಸ್‌ಬೇಡ!" ಎಂದು ಮಗಳನ್ನು ಹಿಡಿದುಕೊಂಡ ಹರ್ಷಿಣಿ ಗಂಡನ ಕಡೆ ತಿರುಗಿದಳು. "ಈ ಸಲ ಸಾಲುರಜೇಲಿ ಆಫೀಸಲ್ಲಿ ಏನೂ ಕೆಲಸ ಇಲ್ವಾ?"

"ಇದೆ. ಧೀರಜ್ ನೋಡ್ಕೋತಾನೆ."

"ಅಷ್ಟು ಸುಲಭವಾಗಿ ಬಿಟ್ಟುಬಿಟ್ರಾ ನಿಮ್ಮನ್ನ?"

"ಬಿಟ್ರು."

ಅವನ ಒದ್ದೆ ಶೂ ನೋಡಿದಳು, ಬ್ಯಾಗಿನಿಂದ ಕರವಸ್ತ್ರ ತೆಗೆದು ಅವನ ಕೈಗಿತ್ತಳು. ಚಕ್ರ ತುದಿ ಮುಟ್ಟಿ ಇನ್ನೊಂದು ಬದಿಗೆ ಇಳಿಯತೊಡಗಿತು. ಸ್ಫೂರ್ತಿ ಜೋರಾಗಿ, ಎಲ್ಲರೂ ಸೀಟ್‌ಬೆಲ್ಟ್ ಕಟ್ಟಿಕೊಳ್ಳಿ, ಬೆನಿಡೋರ್ಮ್ ಬಂತು ಎಂದು ಕೂಗಿದಳು.

ಮೇ ಮೂರರ ಕೆಲಸಕ್ಕೆ ಮೊದಲು ಕೇಳಿದ್ದು ತನ್ನನ್ನೇ ಎಂದೂ, ಅದರ ಜೊತೆಗೆ ಜೂನ್‌ನ ಲೀಡರ್ ಸ್ಥಾನವನ್ನೂ ತಾನು ಬಿಟ್ಟುಕೊಟ್ಟೆ ಎಂದೂ ಅನಂತ ಅವರಿಬ್ಬರಿಗೆ ಯಾವತ್ತೂ ಹೇಳಲಿಲ್ಲ.